ಮೀನಿಗೆ ಔಷಧ ಹಾಕೂ ಮೊದಲ ನೀರು ನೋಡ್ರಿ

ಅಕ್ಕಾರ, ತಂಗ್ಯಾರ, ಈ ಸಲ ಹೋಳಿಗಿ ಮಾತಲ್ಲ, ಶೇಂಗಾ ಚಟ್ನಿ ಮಾತಲ್ಲ. ಮೀನಿನ ಮಾತು. ತಿನ್ನೂ ಮೀನಲ್ಲ, ಗಾಜಿನ ತೊಟ್ಟ್ಯಾಗ ಸಾಕೂ ಮೀನು. ಅದರಾಗೂ ಕಡಲಿನ ಉಪ್ಪುನೀರಿನ ಮೀನು. ಕಡಲು ನೋಡಬೇಕಂದ್ರ ಕಾರವಾರಕ್ಕೋ ಮುರುಡೇಶ್ವರಕ್ಕೋ ಹಾದಿ ಹಿಡೀಬೇಕಾದ ನಮ್ಮ ಗದಗ-ಬೆಟಗೇರಿಗೆ ಕಡಲಿನ ಮೀನು ಯಾಕ ಬಂತು ಅಂತ ಕೇಳಬ್ಯಾಡ್ರಿ. ಬಂದೈತಿ. ಹುಡುಗ್ರು ಮೊಬೈಲಿನ್ಯಾಗ ನೋಡ್ತಾರ, ಬೆಂಗಳೂರಾಗ ಅಂಗಡಿ ಅದಾವು, ಪ್ಲಾಸ್ಟಿಕ್ ಚೀಲದಾಗ ನೀರು ತುಂಬಿಸಿಕೊಂಡು ರಾತ್ರಿ ಬಸ್ಸು ಹತ್ತಿದ್ರ ಮುಂಜಾನೆ ಮನಿ ಬಾಗಿಲಿಗೆ ಮೀನು. ನನ್ನ ಮಗ ತಂದ. ಶಿರಹಟ್ಟ್ಯಾಗ ನನ್ನ ತಂಗಿ ಮಗ ತಂದ. ಈಗ ಲಕ್ಷ್ಮೇಶ್ವರದಾಗ ನಮ್ಮ ನೆಗೆಣ್ಣಿ ಮೊಮ್ಮಗನೂ ಹಟ ಹಿಡದಾನ.

ತಂದವರು ನೌಕರಿಗೆ ಹೋಗ್ತಾರ. ಮೀನು ನಮ್ಮ ಕೈಯಾಗ ಉಳೀತೈತಿ. ಹಂಗಾಗಿ ಇದರ ಬಗ್ಗೆ ನಾನೂ ಎರಡು ಮಾತು ಆಡಬಹುದು ಅನಿಸ್ತು. ನನ್ನ ಅಭಿಪ್ರಾಯ ಮೊದಲ ಹೇಳಿಬಿಡ್ತೀನಿ. ಹೊಸಾ ಮೀನು ಬ್ಯಾರೆ ತೊಟ್ಟ್ಯಾಗ ಸೊರಗಿ ಕುಂತ್ರ, ಬಾಳ ಸಲ ತಪ್ಪು ಮೀನಿನ್ಯಾಗ ಇರೂದಿಲ್ಲ, ತೊಟ್ಟ್ಯಾಗ ಇರತೈತಿ. ಔಷಧದ ಬಾಟ್ಲಿಗೆ ಕೈ ಹಾಕೂ ಮೊದಲ ನೀರು ನೋಡಬೇಕು. ಎರಡನೇದ್ದು, ಹಂಗ ದಿನಾ ನೋಡಾಕ ಮನ್ಯಾಗ ಯಾರಿಗೂ ವ್ಯಾಳ್ಯಾ ಇಲ್ಲಂದ್ರ ಆ ಮನಿಗೆ ಕಡಲಿನ ಮೀನು ಬರಬಾರದು.

ಮೊದಲ ಬ್ಯಾರೆ ತೊಟ್ಟಿ ಯಾಕ ಅನ್ನೂದು. ಹೊಸಾ ಮೀನು ತಂದ ಕೂಡ್ಲೇ ದೊಡ್ಡ ತೊಟ್ಟ್ಯಾಗ ಬಿಟ್ರ, ಅದರ ಮೈಮ್ಯಾಲಿನ ಹುಳ, ರೋಗ ಎಲ್ಲಾ ಹಳೇ ಮೀನಿಗೂ ಹತ್ತತಾವ. ಅದಕ್ಕ ನಾಕು ವಾರರೆ ಬ್ಯಾರೆ ಇಡಬೇಕು. ಇದಕ್ಕ ಕ್ವಾರಂಟೈನ್ ಟ್ಯಾಂಕ್ ಅಂತಾರ. ಕ್ವಾರಂಟೈನ್ ಅಂದ್ರ ಏನಂತ ನಮಗ 2020ರಾಗ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ, ಬಾಗಿಲಿಗೆ ಚೀಟಿ ಹಚ್ಚಿದ್ದು, ಕೈಗೆ ಮುದ್ರಿ ಒತ್ತಿದ್ದು ಎಲ್ಲಾರಿಗೂ ನೆನಪೈತಿ. ಇಟಲಿ ಭಾಷೆದಾಗ ನಲವತ್ತಕ್ಕ ಇರೋ ಮಾತಿನಿಂದ ಆ ಶಬ್ದ ಬಂದೈತಿ. ಪ್ಲೇಗಿನ ಕಾಲಕ್ಕ ವೆನಿಸ್ ಊರಿಗೆ ಬಂದ ಹಡಗಿನವರು 40 ದಿನ ದೂರ ನಿಂದರಬೇಕಿತ್ತು. ನಮ್ಮ ಹಿರ್‍ಯಾರೂ ಪ್ಲೇಗ್ ಬಂದಾಗ ಊರು ಬಿಟ್ಟು ಹೊಲದಾಗ ಗುಡಿಸಲು ಹಾಕ್ಕೊಂಡು ಇದ್ರು ಅಂತ ನಮ್ಮಜ್ಜಿ ಹೇಳ್ತಿದ್ಲು. ನಲವತ್ತು ದಿನದ ಲೆಕ್ಕ ಹೆಣ್ಣುಮಕ್ಕಳಾದ ನಮಗೇನು ಹೊಸಾದಲ್ಲ. ಬಾಣಂತಿ ಕ್ವಾಣಿ ನಡಸಿದವರು ನಾವು.

ಬಾಣಂತಿ ಕ್ವಾಣಿ ಅಂದೆ ನೋಡ್ರಿ, ಅಲ್ಲೇ ನನ್ನ ಮಾತಿನ ಬೇರು ಐತಿ. ಬಾಣಂತಿ ಸೊರಗಿದ್ರ ನಾವು ಮೊದಲ ಏನು ನೋಡ್ತೇವಿ? ಕ್ವಾಣ್ಯಾಗ ಗಾಳಿ ಹೊಡಿಯಾಕತ್ತೈತೇನು, ಹೊಗಿ ತುಂಬೈತೇನು, ನಿದ್ದಿ ಆಗೈತಿಲ್ಲೋ, ಬಂದವರು ಹೋದವರು ಮಾತಾಡಿಸಿ ಮಾತಾಡಿಸಿ ದಣಿಸ್ಯಾರೇನು. ಇದೆಲ್ಲಾ ಸರಿ ಇದ್ದೂ ಜ್ವರ ಬಂದ್ರ ಡಾಕ್ಟರ್ ಕಡೆ ಹೋಗ್ತೇವಿ. ಮೀನಿನ ವಿಷಯದಾಗ ಇದನ್ನ ತಿರುಗಾ ಮುರುಗಾ ಮಾಡ್ತಾರ. ಮೀನು ಮೂಲಿಗೆ ಕುಂತ್ರ ಸಾಕು, ನೀಲಿ ಔಷಧ ಹಾಕು, ಹಸಿರು ಔಷಧ ಹಾಕು, ಬೆಳ್ಳುಳ್ಳಿ ರಸ ಹಾಕು.

ಕಡಲಿನ ಮೀನು ಯಾಕ ಲಗೂನ ಸೊರಗತೈತಿ ಅನ್ನೂದಕ್ಕ ಮಾವಿನಕಾಯಿ ಉಪ್ಪಿನಕಾಯಿ ನೆನಸ್ಕೊಳ್ರಿ. ಹೋಳಿಗೆ ಉಪ್ಪು ಸವರಿ ಭರಣ್ಯಾಗ ಇಟ್ರ ಮರುದಿನ ನೀರು ಬಿಟ್ಟಿರತಾವ ಹೌದಲ್ಲೋ? ಉಪ್ಪು ಹೋಳಿನೊಳಗಿನ ನೀರನ್ನ ಹೊರಗ ಎಳೀತೈತಿ. ಕಡಲಿನ ಮೀನಿನ ಮೈಯೊಳಗಿನ ಉಪ್ಪು ಕಡಲಿನ ಉಪ್ಪಿಗಿಂತ ಬಾಳ ಕಮ್ಮಿ. ಹಂಗಾಗಿ ಹಗಲು ರಾತ್ರಿ ಅದರ ಮೈಯೊಳಗಿನ ನೀರು ಹೊರಗ ಹೋಗೂದ. ಆ ನೀರು ತುಂಬಿಸ್ಕೊಳ್ಳಾಕ ಮೀನು ಕಡಲಿನ ನೀರನ್ನ ಕುಡೀತೈತಿ, ಕುಡದ ಮ್ಯಾಲೆ ಹೆಚ್ಚಿನ ಉಪ್ಪನ್ನ ಕಿವಿರಿನಿಂದ ಹೊರಗ ಹಾಕತೈತಿ. ಕೆರಿ ಮೀನಿಂದು ಉಲ್ಟಾ, ಅದರ ಮೈಯೊಳಗ ನೀರು ತಾನ ನುಗ್ಗತೈತಿ, ಅದು ನೀರು ಕುಡಿಯೂದ ಇಲ್ಲ ಅಂದ್ರೂ ನಡೀತೈತಿ. ಅಂದ್ರ ಕಡಲಿನ ಮೀನು ಸುಮ್ಮನ ಕುಂತಾಗೂ ದುಡೀತಿರತೈತಿ. ಅಂಥಾದ್ದನ್ನ ಒಂದು ರಾತ್ರಿ ಚೀಲದಾಗ ಕಟ್ಟಿ, ಬಸ್ಸಿನ್ಯಾಗ ಕುಲುಕಿ, ಹೊಸಾ ನೀರಾಗ ಬಿಟ್ರ ಆ ದುಡಿಮಿ ತಪ್ಪತೈತಿ. ಹಂಗ ಕಂಗಾಲಾದ ಮೀನಿಗೆ ಮೊದಲ ಬೇಕಾದದ್ದು ಒಳ್ಳೇ ನೀರು, ಕತ್ತಲಿ, ಮರಿ. ಔಷಧ ಅದರ ನಂತರ.

ಇಲ್ಲೇ ಒಂದು ಮಾತು ಹೇಳ್ತೀನಿ. ನಮ್ಮ ಮಾಗಡಿ ಕೆರಿಗೆ ಚಳಿಗಾಲದಾಗ ಹಿಮಾಲಯದ ಆಚೆ ಕಡೆಯಿಂದ ಪಟ್ಟೆತಲೆ ಹೆಬ್ಬಾತು ಬರ್ತಾವ. ಶಿರಹಟ್ಟಿ, ಲಕ್ಷ್ಮೇಶ್ವರಕ್ಕ ಹೋಗೂ ಮುಂದ ನೀವೂ ನೋಡೀರಿ. 2024ರಾಗ ಆ ಕೆರಿಗೆ ರಾಮ್ಸಾರ್ ಅಂತ ಜಗತ್ತಿನ ಮನ್ನಣಿನೂ ಸಿಕ್ತು. ಅಷ್ಟು ದೂರದಿಂದ ಬಂದ ಹಕ್ಕಿ ಆರಾಮ ಇರತಾವ, ಯಾಕಂದ್ರ ಅವು ತಮ್ಮ ಕಾಲಕ್ಕ ತಾವ ಬರ್ತಾವ, ಬ್ಯಾಸರಾದ್ರ ಎದ್ದು ಹೋಗ್ತಾವ. ಚೀಲದಾಗ ಬಂದ ಮೀನಿಗೆ ಎರಡೂ ಇಲ್ಲ. ಅದಕ್ಕ ಅದರ ಪೂರ್ತಾ ಜವಾಬ್ದಾರಿ ತಂದವರದ್ದು.

ಈಗ ಮೀನು ಸೊರಗೈತಿ ಅಂತ ಗೊತ್ತಾಗೂದು ಹೆಂಗ? ಒಂದು ಮೂಲಿ ಹಿಡೀತೈತಿ. ಬಣ್ಣ ಮಂಕಾಗತೈತಿ. ಕಿವಿರು ದಬದಬ ಬಡಕೊಳ್ತೈತಿ. ನೀರಿನ ಮ್ಯಾಲೆ ಬಂದು ಬಾಯಿ ತೆಗೀತೈತಿ. ಕೊಟ್ಟದ್ದು ತಿನ್ನಾಂಗಿಲ್ಲ. ಪೈಪಿಗೆ, ಗಾಜಿಗೆ ಮೈ ತಿಕ್ಕತೈತಿ. ಇದರಾಗ ಒಂದು ವಿಷಯ. ಆ ಕೇಸರಿ-ಬಿಳಿ ಪಟ್ಟಿ ಇರೋ ಕ್ಲೌನ್ ಮೀನು ರಾತ್ರಿ ಹೊತ್ತು ಮೂಲ್ಯಾಗ ವಾಲಿಕೊಂಡು ಮಲಗತೈತಿ. ಹೊಸದಾಗಿ ನೋಡಿದವರು ಸತ್ತೈತಿ ಅಂತ ಗಾಬರಿ ಆಗ್ತಾರ. ಅದು ಅದರ ನಿದ್ದಿ. ಮುಂಜಾನೆ ಎದ್ದು ಆಡಿದ್ರ ಏನೂ ಆಗಿಲ್ಲ ಅಂತ ಅರ್ಥ.

ಗಾಬರಿ ಆಗೂ ಬದಲಿ ಕಿವಿರು ಎಣಸ್ರಿ. ಗಡಿಯಾರ ನೋಡ್ಕೊಂಡು ಒಂದು ನಿಮಿಷದಾಗ ಎಷ್ಟು ಸಲ ಬಡೀತೈತಿ ಅಂತ ಎಣಿಸಿ ನೋಟ್‌ಬುಕ್ಕಿನ್ಯಾಗ ಬರೀರಿ. ಸಂಜಿಕ ಮತ್ತ ಎಣಸ್ರಿ. ಹಾಲಿನವನ ಲೆಕ್ಕ ಬರೀತೇವಿ, ಚೀಟಿ ಲೆಕ್ಕ ಬರೀತೇವಿ, ಇದೇನು ದೊಡ್ಡದಲ್ಲ. ಏರಾಕತ್ತಿದ್ರ ಏನೋ ಕೆಟ್ಟೈತಿ, ಇಳಿಯಾಕತ್ತಿದ್ರ ಸುಮ್ಮನ ಬಿಡ್ರಿ.

ಆಮ್ಯಾಲೆ ನೀರು. ನಾನು ನಾಕು ವಿಷಯ ಒಂದರ ಹಿಂದೊಂದು ನೋಡ್ತೀನಿ. ಹದಿನೈದು ನಿಮಿಷದ ಕೆಲಸ.

ಮೊದಲನೇದ್ದು ಉಸುರು. ನೀರು ಬಿಸಿ ಆದಷ್ಟೂ ಅದರಾಗ ಗಾಳಿ ಕಮ್ಮಿ ಹಿಡೀತೈತಿ, ಉಪ್ಪು ಇದ್ರ ಇನ್ನೂ ಕಮ್ಮಿ. ಅಷ್ಟೇ ಬೆಚ್ಚಗಿರೋ ಸಿಹಿನೀರಿಗಿಂತ ಕಡಲಿನ ನೀರಾಗ ಹೆಚ್ಚು ಕಮ್ಮಿ ಐದನೇ ಒಂದು ಪಾಲು ಆಮ್ಲಜನಕ ಕಡಿಮಿ. ನಮ್ಮ ಏಪ್ರಿಲ್, ಮೇ ಬಿಸಿಲು ನಿಮಗೇನು ಹೇಳಬೇಕು, 40 ಡಿಗ್ರಿ ಹತ್ತರ ಹೋಗತೈತಿ. ಅದರ ಜೊತಿ ಕರೆಂಟ್ ಹೋದ್ರ ಗಾಳಿ ಪಂಪೂ ಬಂದ್. ಆವಾಗ ಮೀನು ಮ್ಯಾಲೆ ಬಂದು ಬಾಯಿ ತೆಗೆದ್ರ ಅದು ರೋಗ ಅಲ್ಲ, ಉಸುರು ಕಟ್ಟೈತಿ. ಬ್ಯಾಟರಿ ಪಂಪ್ ಒಂದು ಇಟ್ಕೊಳ್ರಿ. ಇಲ್ಲಂದ್ರ ಒಂದು ಮಗ್ ತಗೊಂಡು ತೊಟ್ಟಿ ನೀರನ್ನ ಒಂದು ಗೇಣು ಮ್ಯಾಲಿಂದ ಅದರಾಗ ಸುರೀರಿ, ಚಹಾ ಆರಿಸಿದಂಗ. ಕೈ ನೋಯತೈತಿ, ಆದ್ರ ಮೀನು ಉಳೀತೈತಿ.

ಎರಡನೇದ್ದು ಶಾಖ. 25-26 ಡಿಗ್ರಿ ಇದ್ರ ಚಲೋ. ಅದಕ್ಕಿಂತ ಮುಖ್ಯ ಏನಂದ್ರ ಏರಿಳಿತ ಆಗಬಾರದು. ಬಿಸಿ ಆಗೈತಿ ಅಂತ ಬರ್ಫ್ ತುಂಡು ಒಗೀಬ್ಯಾಡ್ರಿ. ಬಾಟ್ಲ್ಯಾಗ ನೀರು ಹೆಪ್ಪುಗಟ್ಟಿಸಿ, ಮುಚ್ಚಳ ಬಿಗದು, ತೊಟ್ಟ್ಯಾಗ ತೇಲಿಬಿಡ್ರಿ. ಟೇಬಲ್ ಫ್ಯಾನು ನೀರಿನ ಮ್ಯಾಲೆ ಹಾಯೋ ಹಂಗ ಇಟ್ರೂ ತಣ್ಣಗಾಗತೈತಿ.

ಮೂರನೇದ್ದು ಉಪ್ಪು. ಒಂದು ಲೀಟರ್ ಕಡಲಿನ ನೀರಾಗ ಸುಮಾರು 35 ಗ್ರಾಂ ಉಪ್ಪು ಇರತೈತಿ. 20 ಲೀಟರಿನ ಕ್ಯಾನಿಗೆ 700 ಗ್ರಾಂ ಬೇಕು. ಅಳತಿ ಮಾಡೋ ಸಾಧನದಾಗ ಇದು 1.025ರ ಆಸುಪಾಸು ತೋರಸತೈತಿ. ಇದು ಅಡಿಗಿ ಉಪ್ಪಲ್ಲ, ಹರಳುಪ್ಪೂ ಅಲ್ಲ. ಉಪ್ಪಿನ ಗದ್ದ್ಯಾಗ ಹರಳು ಕಟ್ಟಿದ ಮ್ಯಾಲೆ ಮೆಗ್ನೀಷಿಯಂನಂಥಾವು ಉಳದ ಕಹಿ ನೀರಾಗ ಹೋಗಿಬಿಡ್ತಾವ. ಕಡಲಿನ ಮೀನಿಗೆ ಅವೂ ಬೇಕು. ಅದಕ್ಕಂತ ಬ್ಯಾರೆ ಉಪ್ಪು ಪಾಕೀಟಿನ್ಯಾಗ ಬರತೈತಿ.

ಇಲ್ಲೇ ನಮ್ಮ ಕಡೆ ಬಾಳ ಮಂದಿ ಮುಗ್ಗರಸ್ತಾರ. ನಮ್ಮದು ಒಣ ಗಾಳಿ ಊರು. ಕಪ್ಪತಗುಡ್ಡದ ಗಾಳಿಗೆ ಗಿರಣಿ ತಿರಗತಾವಂದ್ರ ತೊಟ್ಟಿ ನೀರು ಆರೂದಿಲ್ಲೇನು? ನೀರು ಆರತೈತಿ, ಉಪ್ಪು ಆರಾಂಗಿಲ್ಲ. ಸಾರು ಕುದ್ದು ಕುದ್ದು ಉಪ್ಪಾಗೂದಿಲ್ಲೇನು, ಹಂಗ. ಆವಾಗ ನಾವು ಏನು ಸುರೀತೇವಿ? ಬರೇ ನೀರು. ತಂಗಿ ಮಗ ಶಿರಹಟ್ಟ್ಯಾಗ ಕಮ್ಮಿ ಆದಂಗೆಲ್ಲಾ ಉಪ್ಪುನೀರ ತುಂಬಸ್ತಿದ್ದ. ಮೀನು ತಿನ್ನವಲ್ದು ಅಂತ ನನ್ನ ತಂಗಿ ಫೋನ್ ಮಾಡಿ, “ಯಕ್ಕಾ, ಹೊಟ್ಟಿ ಕೆಟ್ಟೈತೇನ?” ಅಂದ್ಲು. ಅಳತಿ ಮಾಡಿಸಿದ್ರ 1.031. ಹೊಟ್ಟಿ ಏನೂ ಕೆಟ್ಟಿರಲಿಲ್ಲ. ಮೂರು ದಿನದಾಗ ಸೊಲ್ಪ ಸೊಲ್ಪ ಉಪ್ಪುನೀರು ತೆಗೆದು ಬರೇ ನೀರು ಸುರದು 1.025ಕ್ಕ ತಂದ್ಲು. ನಾಕನೇ ದಿನ ತಿಂತು. ಉಪ್ಪು ಇಳಿಸೂದನ್ನ ಮೀನು ಹೆಂಗೋ ತಡಕೊಳ್ತೈತಿ, ಒಮ್ಮಿಗೇ ಏರಿಸೂದನ್ನ ತಡಕೊಳ್ಳಾಂಗಿಲ್ಲ. ಅಂಗಡ್ಯಾಗ ಉಪ್ಪು ಕಮ್ಮಿ ಇಟ್ಟಿರತಾರ, ಅದಕ್ಕ ಚೀಲದ ನೀರಿನ ಉಪ್ಪು ಮೊದಲ ಅಳದು, ನಮ್ಮ ಬ್ಯಾರೆ ತೊಟ್ಟಿನ ಅದಕ್ಕ ಸರಿಯಾಗಿ ಮಾಡಿಟ್ಟು ಮೀನು ಬಿಡಬೇಕು, ಆಮ್ಯಾಲೆ ದಿನಾ ಸೊಲ್ಪ ಏರಿಸಬೇಕು.

ನಾಕನೇದ್ದು ಅಮೋನಿಯಾ. ಎಲ್ಲಾಕಿಂತ ದೊಡ್ಡ ವೈರಿ ಇದು. ಮೀನು ತಿಂದು ಹೊರಗ ಬಿಟ್ಟದ್ದು, ಉಳದ ಆಹಾರ ಕೊಳತದ್ದು, ಎಲ್ಲಾ ಅಮೋನಿಯಾ ಆಗತೈತಿ. ದೊಡ್ಡ ಹಳೇ ತೊಟ್ಟ್ಯಾಗ ಕಲ್ಲು, ಉಸುಕಿಗೆ ಹತ್ತಿಕೊಂಡ ಬ್ಯಾಕ್ಟೀರಿಯಾ ಅದನ್ನ ತಿಂದು ಹಾಕತಾವ. ಹೆಪ್ಪಿಲ್ಲದ ಹಾಲು ಮೊಸರಾಗತೈತೇನ್ರಿ? ಹಂಗ ಹೊಸಾ ಬರೀ ತೊಟ್ಟ್ಯಾಗ ಆ ಬ್ಯಾಕ್ಟೀರಿಯಾನ ಇರಾಂಗಿಲ್ಲ, ತಾನಾಗಿ ಬೆಳಿಯಾಕ ವಾರಗಟ್ಟಲೆ ಬೇಕು. ಅಷ್ಟರಾಗ ಮೀನಿನ ಕಿವಿರು ಸುಟ್ಟಂಗ ಆಗತೈತಿ. ಕಡಲಿನ ನೀರು ಸೊಲ್ಪ ಕ್ಷಾರ ಇರೂದ್ರಿಂದ ಅಮೋನಿಯಾ ಅದರಾಗ ಇನ್ನೂ ಹೆಚ್ಚು ವಿಷ. ಮದ್ದು ಏನಂದ್ರ, ಮೀನು ತರೂ ಒಂದು ತಿಂಗಳು ಮೊದಲ ಒಂದು ಸ್ಪಂಜಿನ ಫಿಲ್ಟರ್ ದೊಡ್ಡ ತೊಟ್ಟ್ಯಾಗ ಇಟ್ಟಿರಬೇಕು. ಅದ ಹೆಪ್ಪು. ಮೀನು ಬಂದ ದಿನ ಆ ಸ್ಪಂಜನ್ನ ಬ್ಯಾರೆ ತೊಟ್ಟಿಗೆ ಹಾಕಬೇಕು.

ನಮ್ಮ ಮನ್ಯಾಗ ಒಂದು ಕ್ಲೌನ್ ಮೀನು ಬಂದ ಐದನೇ ದಿನ ಮೂಲಿ ಹಿಡೀತು, ಕಿವಿರು ಜೋರು. ಮಗ ಬೆಂಗಳೂರಿಂದ ಫೋನಿನ್ಯಾಗ, “ಅವ್ವಾ, ಕಪಾಟಿನ್ಯಾಗಿನ ಔಷಧ ಐದು ಹನಿ ಹಾಕು” ಅಂದ. ನಾನು ಔಷಧ ಮುಟ್ಟಲಿಲ್ಲ, ಅಮೋನಿಯಾ ಪರೀಕ್ಷಾ ಮಾಡಿದೆ. ನೀರಿನ ಬಣ್ಣ ಹಸಿರಾಗಿ 1 ತೋರಿಸ್ತು, ಅದು ಸೊನ್ನಿ ಇರಬೇಕು. ಅರ್ಧ ನೀರು ಬದಲಿ ಮಾಡಿದ್ರ ಅರ್ಧ ಆಗತೈತಿ ಹೊರತು ಸೊನ್ನಿ ಆಗಾಂಗಿಲ್ಲ. 1 ಇದ್ದದ್ದು 0.5 ಆತು, ಸಂಜಿಕ ಮತ್ತ ಅರ್ಧ ಬದಲಿ ಮಾಡಿದ ಮ್ಯಾಲೆ 0.25. ಮೂರು ದಿನ ಹಂಗ ಮಾಡಿದೆ, ಅಷ್ಟೇ ಉಪ್ಪು ಅಷ್ಟೇ ಶಾಖ ಇರೋ ನೀರಿನಿಂದ. ತೊಟ್ಟಿ ಮೂರು ಕಡೆ ಟವೆಲ್ ಹೊಚ್ಚಿದೆ, ಲೈಟ್ ಬಂದ್ ಮಾಡಿದೆ. ಮೂರನೇ ದಿನ ಅದು ಪೈಪಿನಿಂದ ಹೊರಗ ಬಂದು ಹಣಿಕಿ ನೋಡ್ತು.

ಪೈಪು ಅಂದೆ. ಈ ತೊಟ್ಟ್ಯಾಗ ಉಸುಕು, ಕಲ್ಲು, ಶಂಖ ಏನೂ ಹಾಕಬಾರದು, ಔಷಧ ಹಾಕೂ ಪ್ರಸಂಗ ಬಂದ್ರ ಅವು ಔಷಧ ಹೀರಿಕೊಳ್ತಾವ. ಆದ್ರ ಮೀನಿಗೆ ಅಡಗಾಕ ಮರಿ ಬೇಕ ಬೇಕು. ನಲ್ಲಿ ಕೆಲಸದವರ ಕಡೆ ಉಳದ ಪಿವಿಸಿ ಪೈಪಿನ ಎರಡು ತುಂಡು, ಒಂದು ಮೊಣಕೈ ಸಾಕು. ನಾಕೂ ಕಡೆ ಬಯಲಿದ್ರ ಯಾವ ಹೊಸಾ ಸೊಸಿ ಊಟ ಮಾಡ್ತಾಳ ಹೇಳ್ರಿ?

ಇನ್ನ ನಮ್ಮ ಊರಿನ ನೀರು. ನಮ್ಮ ಗದಗ-ಬೆಟಗೇರಿಗೆ ತುಂಗಭದ್ರಾ ನೀರು ಮುಂಡರಗಿ ತಾಲೂಕಿನ ಕಡೆಯಿಂದ ಬರತೈತಿ. ದಿನಾ ಬರೂದಿಲ್ಲ, ಬಂದಾಗ ಟಾಕಿ, ಕೊಡ, ಬ್ಯಾರಲ್ ಎಲ್ಲಾ ತುಂಬಿಸ್ತೇವಿ. ಹಿಡದಿಟ್ಟ ನೀರಿನ ಕ್ಲೋರಿನ್ ವಾಸನಿ ಎರಡು ಮೂರು ದಿನದಾಗ ಹಾರಿಹೋಗತೈತಿ, ಅದು ಮೀನಿಗೆ ಚಲೋನ. ಆದ್ರ ನಲ್ಲಿ ಬಂದ ದಿನದ ನೀರು ಹಂಗ ಹಾಕಬಾರದು. ಬೋರಿನ ನೀರು ಬ್ಯಾಡ. ಮುಂಡರಗಿ ಕಡೆ ಬೋರಿನ ನೀರಾಗ ಫ್ಲೋರೈಡ್ ಇದ್ದು ಮಕ್ಕಳ ಹಲ್ಲು ಕಂದು ಆದದ್ದು ನಿಮಗೆ ಗೊತ್ತೈತಿ. ಅಂಥಾ ಗಡುಸು ನೀರಿಗೆ ಕಡಲಿನ ಉಪ್ಪು ಕೂಡಿಸಿದ್ರ ಲೆಕ್ಕ ತಪ್ಪತೈತಿ. ಶುದ್ಧ ನೀರಿನ ಘಟಕದ ಕ್ಯಾನು ನೀರ ಸರಿ. ಹಿಡದಿಡಾಕ ತಾಮ್ರದ ಕೊಡ ಬ್ಯಾಡ್ರಿ, ನಮ್ಮ ಹೊಟ್ಟಿಗೆ ಚಲೋ ಅಂತಾರ, ಕಡಲಿನ ಸಿಗಡಿ, ಹವಳದಂಥಾ ಜೀವಕ್ಕ ತಾಮ್ರ ವಿಷ. ಸಾಬೂನು ಮುಟ್ಟದ ಪ್ಲಾಸ್ಟಿಕ್ ಬಕೀಟು ಮೀನಿಗಂತ ಬ್ಯಾರೆ ಇಡ್ರಿ.

ಮತ್ತ ಮನಿ ಒಳಗಿನ ಹೊಗಿ. ಗಾಳಿ ಪಂಪ್ ಕ್ವಾಣ್ಯಾಗಿನ ಗಾಳಿನ ನೀರಾಗ ಊದತೈತಿ. ಸೊಳ್ಳಿ ಬತ್ತಿ, ಜಿರಳಿ ಸ್ಪ್ರೇ ಎರಡೂ ಮೀನಿಗೆ ಭಾರೀ ವಿಷ. ಫಿನಾಯಿಲ್ ಒರಸೂ ಮುಂದ, ಗ್ವಾಡಿಗೆ ಬಣ್ಣ ಹಚ್ಚೂ ಮುಂದ ಪಂಪಿನ ಬಾಯಿ ಬ್ಯಾರೆ ಕ್ವಾಣಿಗೆ ಎಳೀರಿ. ಮೀನು ಸೊರಗಿದ ದಿನ ನೀರು ಎಲ್ಲಾ ಸರಿ ಬಂದ್ರ, “ನಿನ್ನೆ ರಾತ್ರಿ ಏನು ಹೊಡದೀರಿ?” ಅಂತ ಮನಿ ಮಂದಿನ ಕೇಳ್ರಿ.

ಇಷ್ಟು ನೋಡಿದ ಮ್ಯಾಲೆ ಮೈ ನೋಡ್ರಿ. ನೀರು ಅಂತ ಹೇಳಿ ರೋಗ ಇಲ್ಲ ಅನ್ನಾಕತ್ತಿಲ್ಲ ನಾನು. ಮೈಮ್ಯಾಲೆ ಉಪ್ಪಿನ ಹಳಕಿನಂಥಾ ಬಿಳಿ ಚುಕ್ಕಿ ಬಂದ್ರ ಅದು ಒಂದು ಹುಳ. ಅದರ ಆಟ ಹೆಂಗಂದ್ರ, ಮೂರರಿಂದ ಏಳು ದಿನಕ್ಕ ಮೀನಿನ ಮೈಯಿಂದ ಉದುರಿ ತಳಕ್ಕ ಹತ್ತತೈತಿ. ನೋಡಿದವರು ಆರಾಮಾತು ಅಂತ ಖುಷಿ ಪಡ್ತಾರ. ತಳದಾಗ ಅದು ನೂರಾರು ಆಗಿ ಮತ್ತ ಏಳತೈತಿ. ಚುಕ್ಕಿ ಹೋತು ಅಂತ ನಡುವ ಔಷಧ ಬಿಡಬಾರದು ಅನ್ನೂದು ಅದಕ್ಕ. ದೊಡ್ಡ ತೊಟ್ಟಿಗೆ ಈ ಹುಳ ಹೊಕ್ರ, ಮೀನೆಲ್ಲಾ ಹೊರಗ ತೆಗೆದು ಎರಡೂವರಿ ತಿಂಗಳು ಖಾಲಿ ಬಿಡಬೇಕಾಗತೈತಿ. ಹಿಟ್ಟು ಚಿಮಕಿಸಿದಂಗ ಸಣ್ಣ ಪುಡಿ ಕಂಡು ಉಸುರು ಜೋರಾಗಿದ್ರ ಅದು ಇನ್ನೊಂದು, ಕೆಲವು ದಿನದಾಗ ಕೊಲ್ಲತೈತಿ. ಕ್ಲೌನ್ ಮೀನಿಗೆ ಮೈಮ್ಯಾಲೆ ಲೋಳಿ ಪದರು ಏಳೋ ರೋಗ ಮೂರನೇದ್ದು, ಅದಕ್ಕಂತೂ ಒಂದೆರಡು ದಿನನೂ ಸಾಕು. ಇವು ಮೂರರಾಗ ಯಾವುದು ಕಂಡ್ರೂ ಆವತ್ತ ತಿಳದವರನ್ನ ಕೇಳ್ರಿ, ಫೋಟೋ ಕಳಸ್ರಿ. ಮೊದಲ ಎರಡಕ್ಕ ತಾಮ್ರದ ಔಷಧ ನಡೀತೈತಿ, ಮೂರನೇದಕ್ಕ ನಡಿಯಾಂಗಿಲ್ಲ. ಅದಕ್ಕ ಹೆಸರು ಗೊತ್ತಿಲ್ಲದ ರೋಗಕ್ಕ ಸಿಕ್ಕ ಔಷಧ ಹಾಕಿದ್ರ ಏನು ಫಾಯ್ದೆ?

ತಾಮ್ರದ ಔಷಧ ಅಂದ್ರ ಕತ್ತಿ ಮ್ಯಾಲಿನ ನಡಿಗಿ. ಕಮ್ಮಿ ಆದ್ರ ಹುಳ ಸಾಯಾಂಗಿಲ್ಲ, ಹೆಚ್ಚಾದ್ರ ಮೀನ ಸಾಯತೈತಿ. ಹನಿ ಎಣಿಸಿ ಹಾಕೂದಲ್ಲ, ಅದಕ್ಕ ಬ್ಯಾರೆ ಪರೀಕ್ಷಾ ಕಿಟ್ ಬರತೈತಿ, ದಿನಾ ಅಳದು ಹಾಕಬೇಕು. ದೊಡ್ಡ ತೊಟ್ಟಿಗೆ ಎಂದೂ ಹಾಕಬಾರದು. ಎರಡು ಔಷಧ ಕೂಡಿಸಬಾರದು. ಅಮೋನಿಯಾ ಕಟ್ಟಿಹಾಕೂ ಕೆಲವು ಔಷಧ ತಾಮ್ರದ ಜೊತಿ ಕೂಡಿದ್ರ ತಾಮ್ರ ಇನ್ನೂ ವಿಷ ಆಗತೈತಿ. ತಂಗಿ ಮಗನಿಗೆ ಒಬ್ಬ ಅಂಗಡಿಯವ ಎರಡೂ ಕೊಟ್ಟು ಎರಡೂ ಹಾಕು ಅಂದ. ಹಳದಿ ಮೀನೊಂದು ಚಂದಾಗಿ ತಿಂತಿದ್ದದ್ದು ಮರುದಿನ ಮುಂಜಾನೆ ಅಡ್ಡ ಬಿದ್ದಿತ್ತು. ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮಾರೂ ಮಂದಿಗೆ ಔಷಧ ಮಾರಿದ್ರ ರೊಕ್ಕ ಬರತೈತಿ, ನೀರು ಬದಲಿ ಮಾಡು ಅಂದ್ರ ಏನು ಬರತೈತಿ? ಇದು ಸಿಟ್ಟಿನ ಮಾತಲ್ಲ, ಲೆಕ್ಕದ ಮಾತು.

ನಮ್ಮ ಓಣ್ಯಾಗಿನ ಒಬ್ಬ ಅಕ್ಕಾರು ಕೇಳಿದ್ರು, “ಬ್ಯಾರೆ ತೊಟ್ಟ್ಯಾಗ ಇಡೂದರಿಂದನ ಮೀನು ಸೊರಗತೈತಿ ಅಂದ್ರ, ಇಡೂದ ಯಾಕ? ಸೀದಾ ದೊಡ್ಡದಕ್ಕ ಬಿಟ್ಟುಬಿಡಬಾರದೇನು?” ಮಾತು ಖರೇ ಐತಿ. ಸಣ್ಣ ಬರೀ ತೊಟ್ಟಿ ಅಂದ್ರ ಮೀನಿಗೆ ಕಷ್ಟನ. ಆದ್ರ ದೊಡ್ಡದ್ರಾಗ ರೋಗ ಹೊಕ್ರ ಒಂದು ಮೀನಿನ ಕಷ್ಟ ಹತ್ತು ಮೀನಿಗೆ ಆಗತೈತಿ, ಅಲ್ಲೇ ಔಷಧ ಹಾಕಾಕೂ ಬರಾಂಗಿಲ್ಲ, ಹವಳ, ಸಿಗಡಿ ಸಾಯತಾವ. ಅದಕ್ಕ ಬ್ಯಾರೆ ತೊಟ್ಟಿ ಬಿಡೂದು ದಾರಿ ಅಲ್ಲ, ಅದನ್ನ ಮೀನಿಗೆ ಹಿತ ಆಗೂ ಹಂಗ ಮೊದಲ ಸಜ್ಜು ಮಾಡೂದು ದಾರಿ. ಹೆರಿಗಿ ಆದ ಮ್ಯಾಲೆ ಬಾಣಂತಿ ಕ್ವಾಣಿ ಸಾರಸ್ತೇವೇನು?

ಇನ್ನೂ ಒಬ್ಬರು, “ಒಂದು ಮೀನಿಗೆ ಇಷ್ಟ್ಯಾಕ? ಸತ್ರ ಇನ್ನೊಂದು ತಂದ್ರಾತು” ಅಂದ್ರು. ಇದಕ್ಕ ನನ್ನ ಒಪ್ಪಿಗಿ ಇಲ್ಲ. ಕ್ಲೌನ್ ಮೀನು ಹಾಚರಿಯೊಳಗ ಮರಿ ಮಾಡಸ್ತಾರ, ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರೂ ಆ ವಿದ್ಯಾ ಕಲತು ಕಲಿಸ್ಯಾರ. ಲಕ್ಷದ್ವೀಪದ ಅಗತ್ತಿ ದ್ವೀಪದಾಗ ಹೆಣ್ಣುಮಕ್ಕಳು ಬಣ್ಣದ ಸಿಗಡಿ ಸಾಕಿ ದುಡೀತಾರ. ಅಂಥಾವು ತೊಟ್ಟ್ಯಾಗ ಹುಟ್ಟಿ ಬೆಳದಾವು, ಹೊಂದಿಕೊಳ್ತಾವ. ಆದ್ರ ಬಾಳ ಬಣ್ಣದ ಮೀನು ಇವತ್ತಿಗೂ ಕಡಲಿನ ಹವಳದ ದಂಡ್ಯಾಗ ಹಿಡದು ತಂದಾವು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಂಥಾ ಕಡೆ ನೀರಾಗ ಮುಳುಗಿ ನೋಡಿ ಬಂದವರು ಅದರ ಚಂದ ಹೇಳ್ತಾರ. ಒಂದು ಸತ್ರ ಇನ್ನೊಂದು ಅಂದ್ರ ಅಂಥಾ ಕಡಲಿನ ಬುಟ್ಟಿಗೆ ಮತ್ತ ಕೈ ಹಾಕಿದಂಗ. ಹವಳ, ಕಡಲ ಕುದುರಿ ಇವನ್ನಂತೂ ನಮ್ಮ ಕಡಲಿನಿಂದ ತೆಗೆದು ಮಾರೂದು, ಇಟ್ಕೊಳ್ಳೂದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, 2001ರಾಗ ಅವನ್ನ ಹುಲಿ ಇರೋ ಮೊದಲನೇ ಪಟ್ಟಿಗೆ ಸೇರಿಸ್ಯಾರ. ಯಾರರೆ ಕಡಲ ಕುದುರಿ ಕೊಡ್ತೇವಂದ್ರ ಕೈ ಮುಗದು ಬಿಡ್ರಿ.

ಕ್ಲೌನ್ ಮೀನಿನ ಸಂಸಾರದ ಒಂದು ಮಾತು ಹೇಳಲೇಬೇಕು. ಅವು ಹುಟ್ಟೂ ಮುಂದ ಎಲ್ಲಾ ಗಂಡು. ಗುಂಪಿನ್ಯಾಗ ದೊಡ್ಡದು ಹೆಣ್ಣಾಗತೈತಿ, ಅದ ಮನಿ ಯಜಮಾನಿ. ಆಕಿ ಸತ್ರ ಆಕಿ ಗಂಡನ ಹೆಣ್ಣಾಗಿ ಆ ಜಾಗಾಕ್ಕ ಬರತೈತಿ. ಇದನ್ನ ಹೇಳಿದಾಗ ನಮ್ಮ ನೆಗೆಣ್ಣಿ ಬಿದ್ದು ಬಿದ್ದು ನಕ್ಕು, “ನಮ್ಮ ಮನ್ಯಾಗ ನಾ ಎರಡು ದಿನ ತವರಿಗೆ ಹೋದ್ರ ಗಂಡಸರಿಗೆ ಒಲಿ ಹಚ್ಚಾಕ ಬರಾಂಗಿಲ್ಲ” ಅಂದ್ಲು.

ನಕ್ಕರೂ ಮಾತು ಅಲ್ಲೇ ಬಂತು. ಮೀನು ತರೂದು ಯಾರು, ನೋಡ್ಕೊಳ್ಳೂದು ಯಾರು? ದಿನಾ ಶಾಖ ನೋಡೂದು, ಆರಿದ ನೀರು ತುಂಬಿಸೂದು, ಉಳದ ಆಹಾರ ಕಾಲು ತಾಸಿನ್ಯಾಗ ಹೊರಗ ತೆಗೆಯೂದು, ಕರೆಂಟ್ ಹೋದಾಗ ಮಗ್ ಹಿಡದು ಕುಂದ್ರೂದು, ಇದೆಲ್ಲಾ ನಮ್ಮ ರೊಟ್ಟಿ, ಕಸ, ನಲ್ಲಿ ನೀರಿನ ನಡುವ ಬಂದು ಕುಂದರ್ತೈತಿ. ಮಾಡಬಾರದು ಅನ್ನಾಂಗಿಲ್ಲ ನಾನು. ನನಗ ಆ ಮೀನು ಅಂದ್ರ ಈಗ ಜೀವ. ಆದ್ರ ಮಾಡೂ ಕೈಗೆ ತಿಳುವಳಿಕಿನೂ ಕೊಡಬೇಕು, ಮಾತಿನ ಹಕ್ಕೂ ಕೊಡಬೇಕು. ಅಳತಿ ಸಾಧನ ಹೆಂಗ ಹಿಡಿಯೂದು, ಅಮೋನಿಯಾ ಹೆಂಗ ನೋಡೂದು ಅಂತ ತಂದವರು ನಮಗ ಕಲಿಸಬೇಕು. ದೂರದಿಂದ “ಐದು ಹನಿ ಹಾಕು” ಅಂತ ಹುಕುಂ ಕೊಡೂದಲ್ಲ.

ಹಂಗಾಗಿ ನಿಮ್ಮ ಮಕ್ಕಳು ಮೊಮ್ಮಕ್ಕಳು ಹಟ ಹಿಡದ್ರ ಇಷ್ಟು ಕೇಳ್ರಿ. ದೊಡ್ಡ ತೊಟ್ಟಿ ಜೊತಿ ಬ್ಯಾರೆ ತೊಟ್ಟಿ, ಸ್ಪಂಜು, ಬ್ಯಾಟರಿ ಪಂಪು, ಉಪ್ಪು ಅಳಿಯೂದು, ಅಮೋನಿಯಾ ಕಿಟ್ ಮೊದಲ ಬರಬೇಕು. ಮೀನು ಒಂದು ತಿಂಗಳಾದ ಮ್ಯಾಲೆ ಬರಬೇಕು. ಹಾಚರಿಯೊಳಗ ಹುಟ್ಟಿದ್ದ ಬೇಕು ಅಂತ ಅಂಗಡ್ಯಾಗ ಕೇಳಬೇಕು. ಊರಿಗೆ ಹೋದಾಗ ಯಾರು ನೋಡ್ತಾರ ಅನ್ನೂದು ಮೊದಲ ತೀರ್ಮಾನ ಆಗಬೇಕು. ಇದರಾಗ ಒಂದಕ್ಕ “ಆಮ್ಯಾಲೆ ನೋಡೋಣ ಬಿಡವ್ವ” ಅಂದ್ರ, ಸಿಹಿನೀರಿನ ಗಪ್ಪಿ ಮೀನು ತಂದ್ಕೊಡ್ರಿ. ಅವೂ ಚಂದ ಅದಾವು, ನಮ್ಮ ತುಂಗಭದ್ರಾ ನೀರಿಗೆ ಹೊಂದಿಕೊಳ್ತಾವ. ಲಕ್ಷ್ಮೇಶ್ವರದ ಹುಡುಗಗೂ ನಾನು ಅದನ್ನ ಹೇಳೀನಿ.

ಈಗಾಗ್ಲೇ ಮನ್ಯಾಗ ಕಡಲಿನ ಮೀನು ಇದ್ದು ಸೊರಗಿದ್ರ ನನಗ ಫೋನ್ ಮಾಡ್ರಿ, ಸಂಕೋಚ ಬ್ಯಾಡ. ಆದ್ರ ಫೋನ್ ಹಚ್ಚೂ ಮೊದಲ ನಾಕು ಅಂಕಿ ಬರದಿಟ್ಕೊಂಡಿರ್ರಿ: ಕಿವಿರು ನಿಮಿಷಕ್ಕ ಎಷ್ಟು, ಶಾಖ ಎಷ್ಟು, ಉಪ್ಪು ಎಷ್ಟು, ಅಮೋನಿಯಾ ಎಷ್ಟು. ಮತ್ತ ನಾ ಕೇಳೂ ತನಕ ಔಷಧದ ಬಾಟ್ಲಿ ಕಪಾಟಿನ್ಯಾಗ ಇರಲಿ.